ಐವಿಎಫ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಮೊದಲ ಟೆಸ್ಟ್‌ನಿಂದ ಮುಂದಿನ ಪ್ರಯತ್ನದವರೆಗೆ

ಫರ್ಟಿಲಿಟಿ ಸೆಂಟರ್‌ನ ಕೌನ್ಸೆಲಿಂಗ್ ಕೋಣೆಯಲ್ಲಿ ಕೂತು ಸಲಹೆ ಹೇಳುವ ನನ್ನಂಥವರಿಗೆ ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶದೊಳಗೆ ಇಡುವ ಚಿಕಿತ್ಸೆ) ಬಗ್ಗೆ ಕೇಳುವ ಈ ಪ್ರಶ್ನೆಗಳು ಬಾಯಿಪಾಠ. ಕೆಲವು ಡಾಕ್ಟರ ಎದುರು ಕೇಳಲಾಗದೆ ಹೊರಗೆ ಬಂದು ಕೇಳಿದವು. ಕೆಲವು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ವಾಟ್ಸಾಪ್‌ನಲ್ಲಿ ಬಂದವು. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಬಹುದು. ಔಷಧಿ, ಡೋಸ್ ವಿಷಯದಲ್ಲಿ ನಿಮ್ಮನ್ನು ನೋಡುತ್ತಿರುವ ಡಾಕ್ಟರ ಮಾತೇ ಕೊನೆ. ನಾನು ಒತ್ತಿ ಹೇಳುವುದು ಒಂದೇ: ಇದು ಗಂಡ ಹೆಂಡತಿ ಇಬ್ಬರ ಚಿಕಿತ್ಸೆ. ಪ್ರತಿ ಹಂತದಲ್ಲೂ ಏನಾಯಿತು ಅಂತ ಇಬ್ಬರೂ ಕೇಳಿ, ಬರೆಸಿಕೊಳ್ಳಿ.

## ಶುರುವಿಗೆ ಮುಂಚೆ

ಮದುವೆಯಾಗಿ ಒಂದೂವರೆ ವರ್ಷ ಆಯ್ತು. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕಾ, ಇನ್ನೂ ಸ್ವಲ್ಪ ದಿನ ನೋಡೋಣ್ವಾ?

ಹೋಗಿ. ಯಾವ ತಡೆಯೂ ಇಲ್ಲದೆ ಒಂದು ವರ್ಷ ಸೇರಿದ ಮೇಲೂ ಬಸುರಾಗದಿದ್ದರೆ ಪರೀಕ್ಷೆ ಮಾಡಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರು, ಮುಟ್ಟಿನಲ್ಲಿ ತಡೆಯಲಾರದ ನೋವು ಇರುವವರು, ಹಿಂದೆ ಟಿಬಿ ಆಗಿದ್ದವರು ಅಷ್ಟೂ ಕಾಯಬೇಕಿಲ್ಲ.

ಗಂಡ ಹೊರದೇಶದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವ ಮನೆಗಳಲ್ಲಿ ಲೆಕ್ಕ ಬೇರೆ. ಮದುವೆಯಾಗಿ ಮೂರು ವರ್ಷವಾಗಿದ್ದರೂ ಜತೆಗಿದ್ದದ್ದು ಮೂರು ತಿಂಗಳು ಮಾತ್ರ ಇರಬಹುದು. ಡಾಕ್ಟರಿಗೆ ಅದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುವಾಗುತ್ತದೆ.

ದೋಷ ನನ್ನಲ್ಲೇ ಇದೆ ಅಂತ ಅತ್ತೆ ಅಂತಾರೆ. ಇವರು ಟೆಸ್ಟಿಗೆ ಒಪ್ಪಲ್ಲ. ನಾನೊಬ್ಬಳೇ ಬರಬಹುದಾ?

ಬನ್ನಿ. ಆದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಕೆಲವು ಕಡೆ ಅದೊಂದೇ ಇರುತ್ತದೆ. ಹೆಣ್ಣಿಗೆ ರಕ್ತ ಪರೀಕ್ಷೆ, ಒಳಗಿನ ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ ಅಂತ ಸಾಲುಗಟ್ಟಿ ಮಾಡಬೇಕು. ಗಂಡಿಗೆ ಮೊದಲ ಪರೀಕ್ಷೆ ಒಂದೇ, ವೀರ್ಯ ಪರೀಕ್ಷೆ. ಅಗ್ಗದ್ದು, ನೋವಿಲ್ಲದ್ದು. ಹಾಗಿದ್ದೂ ಹೆಂಡತಿಗೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ನೋಡುವುದು) ಆಗಿರುತ್ತದೆ, ಗಂಡನ ರಿಪೋರ್ಟ್ ಮಾತ್ರ ಫೈಲಿನಲ್ಲಿ ಇರುವುದಿಲ್ಲ. ಇದು ಅನ್ಯಾಯ ಅಂತ ನಾನು ನೇರವಾಗಿ ಹೇಳುತ್ತೇನೆ.

ಒಪ್ಪದ ಗಂಡಸರಿಗೆ ಬಹಳ ಸಲ ಭಯ ಇರುತ್ತದೆ, ಹಟವಲ್ಲ. ಅವರಿಗೆ ಹೀಗೆ ಹೇಳಿ ನೋಡಿ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇರಬೇಕು. ಸೆಂಟರ್‌ನಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಇರುತ್ತದೆ, ಡಬ್ಬಿ ಕೊಡುತ್ತಾರೆ, ಯಾರೂ ಅವಸರ ಮಾಡುವುದಿಲ್ಲ. ಅಲ್ಲಿ ಆಗದಿದ್ದರೆ ಮನೆಯಿಂದ ಒಂದು ಗಂಟೆಯೊಳಗೆ ತರಬಹುದಾ ಅಂತ ಕೇಳಿ. ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಚಲಿಸುತ್ತಿರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ. ಒಂದು ರಿಪೋರ್ಟ್ ಕಡಿಮೆ ಬಂದರೆ ಗಾಬರಿ ಬೇಡ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ನಡುವೆ ಜೋರು ಜ್ವರ ಬಂದಿದ್ದರೂ ಲೆಕ್ಕ ಇಳಿಯುತ್ತದೆ. ಮತ್ತೊಮ್ಮೆ ಮಾಡಿಸಿ.

ಜಿಮ್‌ನಲ್ಲಿ ಮೈ ಕಟ್ಟಲು ಟೆಸ್ಟೊಸ್ಟಿರೋನ್ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಅದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಹುದು.

ಐಯುಐ ಮೂರು ಸಲ ಮಾಡಿಸಿದ್ವಿ. ಐವಿಎಫ್ ಅಂದ್ರೂ ಅದೇ ತಾನೆ?

ಅಲ್ಲ. ಐಯುಐನಲ್ಲಿ ತೊಳೆದು ಸೋಸಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುತ್ತಾರೆ. ಅಂಡಾಣು ಮತ್ತು ವೀರ್ಯಾಣು ಸೇರುವುದು ದೇಹದ ಒಳಗೇ. ಹಾಗಾಗಿ ಗರ್ಭನಾಳ ತೆರೆದಿರಬೇಕು. ಐವಿಎಫ್‌ನಲ್ಲಿ ಅಂಡಾಣುಗಳನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ಸೇರಿಸಿ, ಭ್ರೂಣವಾದ ಮೇಲೆ ಒಳಗೆ ಇಡುತ್ತಾರೆ.

ಪಿಸಿಓಡಿ ಇದೆ ಅಂದ ಕೂಡ್ಲೇ ಐವಿಎಫ್ ಮಾಡ್ಸಿ ಅಂದ್ರು. ಬೇಕೇ ಬೇಕಾ?

ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಒಂದೇ ಕಾರಣವಾದರೆ ಸಾಮಾನ್ಯವಾಗಿ ಮೊದಲ ಹೆಜ್ಜೆ ಐವಿಎಫ್ ಅಲ್ಲ. ತೂಕ ಇಳಿಸುವುದು, ಅಂಡಾಣು ಬಿಡುಗಡೆಯಾಗಲು ಲೆಟ್ರೊಜೋಲ್‌ನಂಥ ಮಾತ್ರೆ, ಸ್ಕ್ಯಾನ್ ನೋಡಿ ದಿನ ಹೇಳುವುದು, ಇಷ್ಟರಲ್ಲೇ ಎಷ್ಟೋ ಜನ ಬಸುರಾಗುತ್ತಾರೆ.

ನೇರವಾಗಿ ಐವಿಎಫ್ ಬೇಕಾಗುವವರು ಬೇರೆ. ಎರಡೂ ಗರ್ಭನಾಳ ಮುಚ್ಚಿದವರು ಒಂದು ಗುಂಪು. ನಮ್ಮ ಕಡೆ ಇದಕ್ಕೆ ಜನನಾಂಗದ ಟಿಬಿ ಒಂದು ದೊಡ್ಡ ಕಾರಣ. ವೀರ್ಯಾಣು ತುಂಬಾ ಕಡಿಮೆ ಇರುವವರು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಜಾಸ್ತಿ ಇರುವವರು, ವಯಸ್ಸು ಮೀರುತ್ತಿರುವವರು, ಬೇರೆ ಚಿಕಿತ್ಸೆ ಮಾಡಿ ಫಲ ಕಾಣದವರು ಸಹ. “ನನಗೆ ಐವಿಎಫ್ ಯಾಕೆ, ಇದಕ್ಕಿಂತ ಸರಳ ದಾರಿ ಯಾಕೆ ಆಗಲ್ಲ” ಅಂತ ಕೇಳಿ. ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಟೆಸ್ಟ್ ಟ್ಯೂಬ್ ಬೇಬಿ ಅಂದ್ರೆ ಮಗು ಬಾಟ್ಲಿಯಲ್ಲಿ ಬೆಳೆಯುತ್ತಾ? ಆ ಮಕ್ಕಳು ಎಲ್ಲರ ಹಾಗೆ ಇರ್ತಾರಾ?

ಹೊರಗೆ ಇರುವುದು ಮೂರರಿಂದ ಆರು ದಿನ, ಅಷ್ಟೇ. ಅದೂ ಟ್ಯೂಬಿನಲ್ಲಲ್ಲ, ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ತಟ್ಟೆಯಲ್ಲಿ. ಉಳಿದ ಒಂಬತ್ತು ತಿಂಗಳು ತಾಯಿಯ ಹೊಟ್ಟೆಯಲ್ಲೇ. ಜಗತ್ತಿನಲ್ಲಿ ಹೀಗೆ ಹುಟ್ಟಿದವರು ಒಂದು ಕೋಟಿಗೂ ಜಾಸ್ತಿ. ಮೊದಲನೆಯವರು ಇಂಗ್ಲೆಂಡಿನ ಲೂಯಿಸ್ ಬ್ರೌನ್, 1978ರ ಜುಲೈ 25ರಂದು ಹುಟ್ಟಿದವರು. ಅವರೇ ಈಗ ತಾಯಿ.

ಭಾರತದ ಕಥೆಯನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಲೂಯಿಸ್ ಹುಟ್ಟಿದ ಎರಡೇ ತಿಂಗಳಿಗೆ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಚಿಕಿತ್ಸೆಯಿಂದ ಒಂದು ಹೆಣ್ಣು ಮಗು ಹುಟ್ಟಿತು. ಅವರು ಫ್ರೀಜ್ ಮಾಡಿದ ಭ್ರೂಣ ಬಳಸಿದ್ದರು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಅವಮಾನ ತಾಳಲಾರದೆ 1981ರಲ್ಲಿ ಅವರು ಜೀವ ಕಳೆದುಕೊಂಡರು. 1986ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅವರ ತಂಡದ ಕೆಲಸದಿಂದ ಹುಟ್ಟಿದ ಮಗುವನ್ನೇ ದೇಶದ ಮೊದಲನೆಯದು ಅಂದರು. ಮುಂದೆ ಬೆಂಗಳೂರಿನಲ್ಲಿ ಕೆಲಸ ಮಾಡಿದ ಆನಂದ್ ಕುಮಾರ್ ಅವರು ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, 1997ರಲ್ಲಿ “ಮೊದಲಿಗರು ನಾವಲ್ಲ, ಅವರು” ಅಂತ ಬಹಿರಂಗವಾಗಿ ಒಪ್ಪಿದರು. ತನ್ನ ಹೆಸರಿಗೆ ಬಂದ ಗೌರವವನ್ನು ತೀರಿಹೋದವರಿಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

## ಚಿಕಿತ್ಸೆ ನಡೆಯುವಾಗ

ಎಎಂಎಚ್ ಕಡಿಮೆ ಬಂದಿದೆ. ಅಂದ್ರೆ ನಂಗೆ ಮಕ್ಕಳಾಗಲ್ವಾ?

ಹಾಗಲ್ಲ. ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜನ್ನು ಎಎಂಎಚ್ ಅನ್ನುವ ಹಾರ್ಮೋನಿನ ರಕ್ತ ಪರೀಕ್ಷೆ ಕೊಡುತ್ತದೆ. ಗುಣಮಟ್ಟವನ್ನು ಹೇಳುವುದಿಲ್ಲ. ಗುಣಮಟ್ಟ ಹೆಚ್ಚಾಗಿ ವಯಸ್ಸಿನ ಮೇಲೆ ನಿಂತಿದೆ. 28 ವರ್ಷದವಳಿಗೆ ಎಎಂಎಚ್ ಕಡಿಮೆ ಇದ್ದರೆ ಇಂಜೆಕ್ಷನ್ ಕೊಟ್ಟಾಗ ನಾಲ್ಕೈದು ಅಂಡಾಣು ಬರಬಹುದು, ಆದರೆ ಅವು ಚೆನ್ನಾಗಿರುವ ಸಾಧ್ಯತೆ ಜಾಸ್ತಿ. ಈ ಸಂಖ್ಯೆಯ ಜತೆಗೆ ಮುಟ್ಟಿನ 2 ಅಥವಾ 3ನೇ ದಿನದ ಸ್ಕ್ಯಾನ್‌ನಲ್ಲಿ ಕಾಣುವ, ಅಂಡಾಣು ಬೆಳೆಯುವ ಸಣ್ಣ ಕೋಶಗಳ ಎಣಿಕೆ ನೋಡಿ ಡೋಸ್ ನಿರ್ಧಾರ ಮಾಡುತ್ತಾರೆ. ಥೈರಾಯ್ಡ್, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗಳೂ ಆಗಲೇ ನಡೆಯುತ್ತವೆ. ಫೋಲಿಕ್ ಆಮ್ಲದ ಮಾತ್ರೆಯೂ ಆಗಲೇ ಶುರು.

ಒಟ್ಟ ಎಷ್ಟ್ ದಿನಾ ಹಿಡೀತದ್ರೀ? ದಿನಾ ಹುಬ್ಬಳ್ಳಿಗೆ ಬರಾಕ ಆಗಂಗಿಲ್ಲ.

ದಿನಾ ಬರಬೇಕಿಲ್ಲ. ಮುಟ್ಟಿನ 2ನೇ ಅಥವಾ 3ನೇ ದಿನ ಶುರು. 8ರಿಂದ 12 ದಿನ ಇಂಜೆಕ್ಷನ್. ಆ ನಡುವೆ ಮೂರು ನಾಲ್ಕು ಸಲ ಸ್ಕ್ಯಾನ್. ಕೋಶಗಳು 18 ಮಿಲಿಮೀಟರ್ ಆಸುಪಾಸಿಗೆ ಬೆಳೆದಾಗ ಅಂಡಾಣುಗಳನ್ನು ಕೊನೆಯದಾಗಿ ಬಲಿಸುವ ಟ್ರಿಗರ್ ಇಂಜೆಕ್ಷನ್, ಅದಾಗಿ 34ರಿಂದ 36 ಗಂಟೆಗೆ ಎಗ್ ಪಿಕಪ್, ಅಂದರೆ ಅಂಡಾಣು ಹೊರಗೆ ತೆಗೆಯುವುದು. ತಾಜಾ ಭ್ರೂಣ ಇಡುವುದಾದರೆ ಮೂರು ಅಥವಾ ಐದು ದಿನ ಬಿಟ್ಟು ಟ್ರಾನ್ಸ್‌ಫರ್. ಅಲ್ಲಿಂದ 10–14 ದಿನಕ್ಕೆ ರಕ್ತ ಪರೀಕ್ಷೆ. ಫ್ರೀಜ್ ಮಾಡಿದರೆ ಟ್ರಾನ್ಸ್‌ಫರ್ ಮುಂದಿನ ತಿಂಗಳಿಗೋ ಅದರಾಚೆಗೋ ಹೋಗುತ್ತದೆ.

ದೂರದವರು ನಡುವಿನ ಸ್ಕ್ಯಾನ್‌ಗಳನ್ನು ಹತ್ತಿರದ ಊರಿನಲ್ಲಿ ಮಾಡಿಸಿ ಅಳತೆ ಕಳಿಸಬಹುದಾ ಅಂತ ಮೊದಲೇ ಕೇಳಿ. ಕೆಲವು ಸೆಂಟರ್‌ನವರು ಒಪ್ಪುತ್ತಾರೆ. ಪಿಕಪ್ ದಿನ ಮಾತ್ರ ಗಂಡ ಹೆಂಡತಿ ಇಬ್ಬರೂ ಇರಲೇಬೇಕು. ಗಂಡ ಆ ದಿನ ಬರಲಾಗದಿದ್ದರೆ ವೀರ್ಯವನ್ನು ಮೊದಲೇ ಫ್ರೀಜ್ ಮಾಡಿಸಿಡಬಹುದು.

ಇಂಜೆಕ್ಷನ್ ನಾನೇ ಚುಚ್ಚಿಕೊಳ್ಳಬೇಕಂತೆ. ನಂಗೆ ಸೂಜಿ ಕಂಡ್ರೇ ಕೈ ನಡುಗುತ್ತೆ.

ಮೊದಲ ದಿನ ನರ್ಸ್ ಎದುರಿಗೆ ಕೂರಿಸಿಕೊಂಡು ಕಲಿಸುತ್ತಾರೆ. ಈಗಿನ ಬಹಳಷ್ಟು ಔಷಧಿ ಪೆನ್ ರೂಪದಲ್ಲಿ ಬರುತ್ತದೆ. ಹಿಂಬದಿಯ ಗುಂಡಿ ತಿರುಗಿಸಿದರೆ ಕಿಂಡಿಯಲ್ಲಿ ಡೋಸ್ ಕಾಣುತ್ತದೆ. ಸೂಜಿ ಕೂದಲೆಳೆಯಷ್ಟೇ ಸಣ್ಣದು. ಹೊಕ್ಕುಳಿನಿಂದ ಎರಡು ಬೆರಳು ದೂರ, ಚರ್ಮವನ್ನು ಚಿವುಟಿ ಹಿಡಿದು, ನೇರವಾಗಿ ಒಳಗೆ. ಗುಂಡಿ ಒತ್ತಿದ ಮೇಲೆ ನಿಧಾನಕ್ಕೆ ಹತ್ತರವರೆಗೆ ಎಣಿಸಿ ತೆಗೆಯಬೇಕು. ಬೇಗ ತೆಗೆದರೆ ತುದಿಯಲ್ಲಿ ಒಂದು ಹನಿ ಹೊರಗೆ ಬರುತ್ತದೆ, ಅಷ್ಟು ಔಷಧಿ ಹಾಳು. ದಿನಾ ಜಾಗ ಬದಲಿಸಿ, ಒಂದು ದಿನ ಎಡ, ಒಂದು ದಿನ ಬಲ. ಹೊಟ್ಟೆ ಮೇಲೆ ನೀಲಿ ಕಲೆ ಬಿದ್ದರೆ ಹೆದರಬೇಡಿ.

ಗಂಡ ಚುಚ್ಚಿದರೂ ಆಗುತ್ತದೆ. ಇದನ್ನು ಕಲಿತು ದಿನಾ ಸಂಜೆ ಕೊಟ್ಟ ಗಂಡಂದಿರ ಮನೆಯಲ್ಲಿ ಮುಂದಿನ ಹಂತಗಳೂ ಹಗುರಾಗುವುದನ್ನು ನೋಡಿದ್ದೇನೆ.

ಔಷಧಿ ಫ್ರಿಜ್ಜಿನ ಬಾಗಿಲ ಕಡೆ ಇರಲಿ, ಫ್ರೀಜರ್‌ನಲ್ಲಿ ಬೇಡ. ಕರೆಂಟ್ ಹೆಚ್ಚು ಹೊತ್ತು ಹೋಗುವ ಊರಾದರೆ ಐಸ್ ಪ್ಯಾಕ್ ಇರುವ ಡಬ್ಬಿ ಇಟ್ಟುಕೊಳ್ಳಿ, ಔಷಧಿ ಐಸಿಗೆ ನೇರ ತಾಗಬಾರದು. ಟ್ರಿಗರ್ ಇಂಜೆಕ್ಷನ್ ವಿಷಯದಲ್ಲಿ ಮಾತ್ರ ಗಡಿಯಾರ ನೋಡಲೇಬೇಕು. ಬುಧವಾರ ಬೆಳಿಗ್ಗೆ 9ಕ್ಕೆ ಪಿಕಪ್ ಅಂದರೆ ಟ್ರಿಗರ್ ಸೋಮವಾರ ರಾತ್ರಿ 9ಕ್ಕೆ. ತಡವಾದರೆ ಮುಚ್ಚಿಡಬೇಡಿ, ಆ ಕ್ಷಣವೇ ಫೋನ್ ಮಾಡಿ. ಪಿಕಪ್ ಸಮಯವನ್ನು ಮುಂದಕ್ಕೆ ಹಾಕಬಹುದು.

ಹತ್ತು ಹನ್ನೆರಡು ಮೊಟ್ಟೆ ಒಮ್ಮೆಗೇ ತೆಗೆದ್ರೆ ಬೇಗ ಮುಟ್ಟು ನಿಲ್ಲಲ್ವಾ? ಮೈ ಉಷ್ಣ ಆಗುತ್ತೆ ಅಂತಾರೆ, ಕ್ಯಾನ್ಸರ್ ಬರುತ್ತೆ ಅಂತಾರೆ.

ಪ್ರತಿ ತಿಂಗಳೂ ಹಲವು ಕೋಶಗಳು ಬೆಳೆಯಲು ಹೊರಡುತ್ತವೆ. ದೇಹ ಒಂದನ್ನು ಬೆಳೆಸಿ ಉಳಿದವನ್ನು ಒಣಗಲು ಬಿಡುತ್ತದೆ. ಇಂಜೆಕ್ಷನ್ ಮಾಡುವುದು ಒಣಗಿ ಹೋಗಬೇಕಿದ್ದವನ್ನು ಉಳಿಸುವ ಕೆಲಸ. ಮುಂದಿನ ವರ್ಷದ ಅಂಡಾಣುವನ್ನು ಈಗಲೇ ಖರ್ಚು ಮಾಡುವುದಿಲ್ಲ. ಹಾಗಾಗಿ ಮುಟ್ಟು ಬೇಗ ನಿಲ್ಲುವುದಿಲ್ಲ. ಇಂಜೆಕ್ಷನ್‌ನಿಂದ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಅಂತ ಈವರೆಗಿನ ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಹೊಟ್ಟೆ ಉಬ್ಬರ, ತಲೆನೋವು, ಸುಮ್ನೆ ಅಳು ಬರುವುದು ಇರುತ್ತದೆ, ಚಿಕಿತ್ಸೆ ಮುಗಿದ ಮೇಲೆ ಹೋಗುತ್ತದೆ.

ಪಿಕಪ್ ದಿನ ಹೊಟ್ಟೆ ಕೊಯ್ತಾರಾ?

ಇಲ್ಲ, ಹೊಲಿಗೆಯೂ ಇಲ್ಲ. ಹಿಂದಿನ ರಾತ್ರಿಯಿಂದ ಊಟ ನೀರು ಬಿಟ್ಟು ಬರಬೇಕು. ಸ್ವಲ್ಪ ಹೊತ್ತಿನ ಅರಿವಳಿಕೆ ಕೊಡುತ್ತಾರೆ. ಯೋನಿಯ ಮೂಲಕ ಸ್ಕ್ಯಾನ್ ನೋಡುತ್ತಾ ತೆಳು ಸೂಜಿಯಿಂದ ಕೋಶದ ನೀರನ್ನು ಎಳೆಯುತ್ತಾರೆ. ಆ ನೀರು ಬಿಸಿ ಕಾಯ್ದಿಟ್ಟ ಟ್ಯೂಬಿನಲ್ಲಿ ಗೋಡೆಯ ಕಿಂಡಿಯಿಂದ ಪಕ್ಕದ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಎಂಬ್ರಿಯಾಲಜಿಸ್ಟ್ (ಭ್ರೂಣ ತಜ್ಞರು) ಮೈಕ್ರೊಸ್ಕೋಪಿನ ಕೆಳಗೆ ಹುಡುಕಿ “ಒಂದು ಸಿಕ್ತು, ಎರಡು” ಅಂತ ಕೂಗಿ ಹೇಳುತ್ತಾರೆ. ಕಾಲು ಗಂಟೆಯಿಂದ ಅರ್ಧ ಗಂಟೆ. ಸಂಜೆಗೆ ಮನೆಗೆ. ಆ ದಿನ ಗಾಡಿ ಓಡಿಸಬೇಡಿ.

14 ಮೊಟ್ಟೆ ಬಂತು ಅಂದ್ರು. ಕೊನೆಗೆ ಮೂರೇ ಭ್ರೂಣ ಅಂತಾರೆ. ಉಳಿದದ್ದು ಎಲ್ಲಿಗೆ ಹೋಯ್ತು? ನಮಗೆ ಮೋಸ ಆಯ್ತಾ?

ಇಷ್ಟು ನೋವಿನಿಂದ ಕೇಳುವ ಪ್ರಶ್ನೆ ಇನ್ನೊಂದಿಲ್ಲ. ಬಹುಪಾಲು ಸಲ ಮೋಸವಲ್ಲ. ಪ್ರತಿ ಹಂತದಲ್ಲೂ ಸಂಖ್ಯೆ ಇಳಿಯುವುದೇ ಇದರ ಸ್ವಭಾವ. ಮೊದಲೇ ಕೂರಿಸಿ ಹೇಳದೆ ಇರುವುದು ಸೆಂಟರ್‌ಗಳ ತಪ್ಪು.

14 ಅಂಡಾಣುಗಳಲ್ಲಿ 11ರಷ್ಟು ಮಾತ್ರ ಬಲಿತಿರುತ್ತವೆ. ಬಲಿಯದವನ್ನು ಬಳಸಲಾಗುವುದಿಲ್ಲ. ಆ 11ಕ್ಕೆ ವೀರ್ಯಾಣು ಸೇರಿಸಿ, ಮಾರನೆಯ ಬೆಳಿಗ್ಗೆ, 16ರಿಂದ 18 ಗಂಟೆಯ ನಂತರ, ಒಂದೊಂದಾಗಿ ನೋಡುತ್ತಾರೆ. ಫಲಿತವಾದ ಅಂಡಾಣುವಿನ ನಡುವೆ ಎರಡು ಪುಟ್ಟ ಉಂಗುರಗಳು ಅಕ್ಕಪಕ್ಕ ಕಾಣುತ್ತವೆ, ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಹೀಗೆ ಎರಡೇ ಕಂಡದ್ದು 8 ಇರಬಹುದು. ಮೂರು ಕಂಡರೆ ಅದನ್ನು ಬಿಡಬೇಕು. 3ನೇ ದಿನಕ್ಕೆ ಚೆನ್ನಾಗಿರುವವು 6ರಿಂದ 8 ಜೀವಕೋಶ ಆಗಿರುತ್ತವೆ. ಅಲ್ಲಿಯವರೆಗೆ ಅಂಡಾಣುವಿನ ಶಕ್ತಿಯಲ್ಲೇ ನಡೆದಿರುತ್ತದೆ. ಅಲ್ಲಿಂದ ಮುಂದೆ ಭ್ರೂಣ ತನ್ನ ಸ್ವಂತ ಜೀನ್‌ಗಳಿಂದ ನಡೆಯಬೇಕು. ಬಹಳಷ್ಟು ಅಲ್ಲೇ ನಿಂತುಬಿಡುತ್ತವೆ. 5 ಅಥವಾ 6ನೇ ದಿನಕ್ಕೆ ನೀರು ತುಂಬಿ ಉಬ್ಬಿದ ಬ್ಲಾಸ್ಟೊಸಿಸ್ಟ್ ಆಗುವುದು ಮೂರೋ ನಾಲ್ಕೋ. ಇದು 30ರ ಆಸುಪಾಸಿನವರ ಸಾಧಾರಣ ಲೆಕ್ಕ. 40ರ ಹತ್ತಿರದವರಿಗೆ ಇನ್ನೂ ಕಡಿಮೆ.

ಒಂದು ಹಂತದಲ್ಲಿ ತೀರಾ ಕುಸಿದಿದ್ದರೆ ಅದಕ್ಕೆ ಅರ್ಥ ಇದೆ. ಬಲಿತವು ಕಡಿಮೆ ಇದ್ದರೆ ಟ್ರಿಗರ್ ಸಮಯ ನೋಡಬೇಕು. ಫಲಿಸಿದ್ದೇ ಕಡಿಮೆಯಾದರೆ ವೀರ್ಯಾಣು ಅಥವಾ ಅಂಡಾಣುವಿನ ಕಡೆ ನೋಡಬೇಕು. ಹಾಗಾಗಿ ಬಂದವು, ಬಲಿತವು, ಫಲಿಸಿದವು, 3ನೇ ದಿನಕ್ಕೆ ಉಳಿದವು, 5ನೇ ದಿನಕ್ಕೆ ಉಳಿದವು ಅಂತ ಐದೂ ಸಂಖ್ಯೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಇಕ್ಸಿ ಅಂತ ಬಿಲ್ಲಲ್ಲಿ ಬರೆದಿದ್ದಾರೆ. ಅದೇನು?

ಸಾಧಾರಣ ಐವಿಎಫ್‌ನಲ್ಲಿ ಒಂದು ಅಂಡಾಣುವಿನ ಸುತ್ತ ಸಾವಿರಾರು ವೀರ್ಯಾಣು ಬಿಟ್ಟು, ಯಾವುದು ಒಳಗೆ ಹೋಗುತ್ತದೋ ಹೋಗಲಿ ಅಂತ ಬಿಡುತ್ತಾರೆ. ಇಕ್ಸಿಯಲ್ಲಿ ಒಂದೇ ವೀರ್ಯಾಣುವನ್ನು ಆರಿಸಿ, ಗಾಜಿನ ಸಣ್ಣ ಸೂಜಿಯಿಂದ ಅಂಡಾಣುವಿನ ಒಳಗೆ ಬಿಡುತ್ತಾರೆ. ಈ ವಿಧಾನದಿಂದ ಮೊದಲ ಮಗು 1992ರಲ್ಲಿ ಬೆಲ್ಜಿಯಮ್‌ನಲ್ಲಿ ಹುಟ್ಟಿತು. ವೀರ್ಯಾಣು ಕಡಿಮೆ ಇರುವ ಗಂಡಸರಿಗೆ ಇದು ವರವೇ. ವೀರ್ಯದಲ್ಲಿ ಒಂದೂ ಇಲ್ಲದವರಿಗೆ ವೃಷಣದಿಂದಲೇ ಸೂಜಿಯಲ್ಲಿ ತೆಗೆದು ಬಳಸುವುದೂ ಸಾಧ್ಯವಾಯಿತು. ವೀರ್ಯ ಪೂರ್ತಿ ಸರಿಯಿರುವವರಿಗೆ ಇದರಿಂದ ಹೆಚ್ಚುವರಿ ಲಾಭ ಅಷ್ಟಾಗಿ ಕಂಡಿಲ್ಲ. ನಿಮಗೆ ಯಾಕೆ ಮಾಡುತ್ತಿದ್ದಾರೆ ಅಂತ ಕೇಳಿ.

ಬೇರೆಯವರ ಸ್ಯಾಂಪಲ್ ಜತೆ ಅದಲು ಬದಲಾದ್ರೆ?

ಈ ಭಯ ಸಹಜ, ಕೇಳಲು ನಾಚಬೇಡಿ. ತಟ್ಟೆ, ಟ್ಯೂಬ್ ಎಲ್ಲದರ ಮೇಲೂ ಗಂಡ ಹೆಂಡತಿ ಇಬ್ಬರ ಹೆಸರು, ಗುರುತಿನ ಸಂಖ್ಯೆ ಇರಬೇಕು. ಪ್ರತಿ ಹೆಜ್ಜೆಯಲ್ಲೂ ಎರಡನೇ ವ್ಯಕ್ತಿ ನೋಡಿ ಸಹಿ ಹಾಕಬೇಕು. “ನಿಮ್ಮಲ್ಲಿ ಸಾಕ್ಷಿ ಸಹಿ ಹೇಗೆ ಮಾಡ್ತೀರಿ?” ಅಂತ ಕೇಳಿ. ಟ್ರಾನ್ಸ್‌ಫರ್ ಮೇಜಿನ ಮೇಲೆ ನಿಮ್ಮ ಪೂರ್ತಿ ಹೆಸರನ್ನು ನಿಮ್ಮ ಬಾಯಲ್ಲೇ ಹೇಳಿಸಬೇಕು. ಹೇಳಿಸದಿದ್ದರೆ ನೀವೇ ಹೇಳಿ.

ಫ್ರೀಜ್ ಮಾಡಿದ ಭ್ರೂಣ ಹಳಸಲ್ವಾ? ತಾಜಾನೇ ಒಳ್ಳೇದಲ್ವಾ?

ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಏನೂ ಹಳಸುವುದಿಲ್ಲ, ಕಾಲವೇ ನಿಂತುಬಿಡುತ್ತದೆ. ಈಗಿನ ವಿಧಾನದಲ್ಲಿ ಕರಗಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭ್ರೂಣಗಳು ಉಳಿಯುತ್ತವೆ. ಪಿಸಿಓಡಿ ಇದ್ದು ಅಂಡಾಣು ತುಂಬಾ ಬಂದವರಿಗೆ ಆ ತಿಂಗಳು ಇಡದೆ ಫ್ರೀಜ್ ಮಾಡುವುದೇ ಕ್ಷೇಮ. ನಮ್ಮ ಕಾನೂನಿನಲ್ಲಿ ಹೆಚ್ಚೆಂದರೆ 10 ವರ್ಷ ಇಡಬಹುದು. ವರ್ಷ ವರ್ಷ ಬಾಡಿಗೆ ಕಟ್ಟಬೇಕು. ವಿಳಾಸ, ಫೋನ್ ನಂಬರ್ ಬದಲಾದರೆ ತಿಳಿಸಿ.

ಟ್ರಾನ್ಸ್‌ಫರ್ ಆದ್ಮೇಲೆ 15 ದಿನ ಮಲಗೇ ಇರ್ಬೇಕಾ? ಮೂತ್ರಕ್ಕೆ ಹೋದ್ರೆ ಜಾರಿ ಹೋಗಲ್ವಾ?

ಜಾರುವುದಿಲ್ಲ. ಗರ್ಭಕೋಶದ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಭ್ರೂಣ ಕಣ್ಣಿಗೆ ಕಾಣುವುದೇ ಕಷ್ಟ. ಹೋಳಿಗೆ ಹೂರಣಕ್ಕೆ ಅಂಟಿದ ಗಸಗಸೆ ಕಾಳು ಎಲ್ಲಿಗೆ ಜಾರೀತು? ಮೂತ್ರ ಬರುವ ದಾರಿಯೂ ಬೇರೆ. ಮಲಗಿದ್ದರಿಂದ ಬಸುರಾಗುವ ಸಾಧ್ಯತೆ ಹೆಚ್ಚುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಬದಲಿಗೆ ಸೊಂಟ ನೋವು, ಮಲಬದ್ಧತೆ, ಚಿಂತೆ ಜಾಸ್ತಿಯಾಗುತ್ತದೆ.

ಮನೆಗೆಲಸ, ಆಫೀಸು, ಬಸ್ ಪ್ರಯಾಣ ಮಾಡಬಹುದು. ಭಾರ ಎತ್ತುವುದು, ಓಡುವುದು ಕೆಲವು ದಿನ ಬೇಡ. ಊಟಕ್ಕೆ ವಿಶೇಷ ಪಥ್ಯವಿಲ್ಲ. ಅನಾನಸ್ ತಿಂದರೆ ಭ್ರೂಣ ಅಂಟುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಹಣ್ಣಾದ ಪಪ್ಪಾಯಿ ಒಂದು ತುಂಡು ತಿಂದೆ ಅಂತ ಅತ್ತವರನ್ನು ಸಮಾಧಾನ ಮಾಡಿದ್ದೇನೆ, ಅದರಿಂದ ಯಾರ ಚಿಕಿತ್ಸೆಯೂ ಕೆಡುವುದಿಲ್ಲ. ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟಿರೋನ್ ಔಷಧಿ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ.

ಎರಡು ಭ್ರೂಣ ಇಟ್ಟು ಅವಳಿ ಆದ್ರೆ ಒಂದೇ ಖರ್ಚಲ್ಲಿ ಮುಗಿಯುತ್ತಲ್ವಾ?

ಈ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅವಳಿಗಳಲ್ಲಿ ಅರ್ಧಕ್ಕೂ ಹೆಚ್ಚು ದಿನ ತುಂಬುವ ಮೊದಲೇ ಹುಟ್ಟುತ್ತವೆ. ತೂಕ ಕಡಿಮೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ವಾರಗಟ್ಟಲೆ ಇಟ್ಟರೆ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ತಾಯಿಗೂ ಬಿಪಿ, ಸಕ್ಕರೆ, ರಕ್ತಸ್ರಾವ ಜಾಸ್ತಿ. ಒಳ್ಳೆಯ ಬ್ಲಾಸ್ಟೊಸಿಸ್ಟ್ ಇದ್ದು ವಯಸ್ಸು ಕಡಿಮೆ ಇದ್ದರೆ ಒಂದೇ ಇಡಿಸಿ. ಇನ್ನೊಂದು ಫ್ರೀಜ್‌ನಲ್ಲಿ ಇರಲಿ.

ಮನೇಲೇ ಕಿಟ್ಟಲ್ಲಿ ನೋಡ್ದೆ, ಎರಡು ಗೆರೆ ಬಂತು. ಸಿಹಿ ಹಂಚಬಹುದಾ?

ಸ್ವಲ್ಪ ತಡೆಯಿರಿ. ಟ್ರಿಗರ್‌ಗೆ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಬಸುರಾದಾಗ ಬರುವ ಅದೇ ಹಾರ್ಮೋನ್ ಸುಮಾರು ಹತ್ತು ದಿನ ಮೈಯಲ್ಲಿದ್ದು ಸುಳ್ಳು ಗೆರೆ ತೋರಿಸಬಹುದು. ನಂಬಬೇಕಾದ್ದು ರಕ್ತದ ಬೀಟಾ ಎಚ್‌ಸಿಜಿ. ಎರಡು ದಿನ ಬಿಟ್ಟು ಮತ್ತೆ ಮಾಡಿದಾಗ ಏರಬೇಕು. ಆರೇಳನೇ ವಾರದ ಸ್ಕ್ಯಾನ್‌ನಲ್ಲಿ ಗರ್ಭ ಗರ್ಭಕೋಶದೊಳಗೇ ಇದೆಯಾ, ಎದೆಬಡಿತ ಇದೆಯಾ ನೋಡುತ್ತಾರೆ. ಐವಿಎಫ್‌ನಲ್ಲೂ ಭ್ರೂಣ ಗರ್ಭನಾಳಕ್ಕೆ ಸರಿದು ಅಂಟಬಹುದು.

ಯಾವಾಗ ರಾತ್ರಿಯಾದ್ರೂ ಸರಿ ಆಸ್ಪತ್ರೆಗೆ ಓಡಬೇಕು?

ಪಿಕಪ್ ಆದ ಮೇಲೆ ಹೊಟ್ಟೆ ಬಿಗಿದು ಉಬ್ಬುತ್ತಿದ್ದರೆ, ದಿನಕ್ಕೆ ಒಂದು ಕಿಲೋದಷ್ಟು ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ. ಅಂಡಾಶಯ ಅತಿಯಾಗಿ ಪ್ರತಿಕ್ರಿಯಿಸಿದ ಲಕ್ಷಣ ಅದು. ಜ್ವರ ಅಥವಾ ಜೋರು ರಕ್ತಸ್ರಾವ ಇದ್ದರೂ ಅಷ್ಟೇ. ಟೆಸ್ಟ್ ಪಾಸಿಟಿವ್ ಬಂದ ಮೇಲೆ ಒಂದು ಪಕ್ಕ ಚುಚ್ಚುವ ನೋವು, ಭುಜ ನೋವು, ತಲೆ ಸುತ್ತು ಬಂದರೂ ಬೆಳಗಿನವರೆಗೆ ಕಾಯಬೇಡಿ.

## ದುಡ್ಡು ಮತ್ತು ಕಾನೂನು

ಒಂದು ಸಲಕ್ಕೆ ಎಷ್ಟಾಗುತ್ತೆ? ಪ್ಯಾಕೇಜ್ ಅಂತಾರೆ, ಆಮೇಲೆ ಸೇರಿಸ್ತಾ ಹೋಗ್ತಾರೆ.

ಖಾಸಗಿ ಸೆಂಟರ್‌ಗಳಲ್ಲಿ ಒಂದು ಸುತ್ತಿಗೆ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ ಸಾಮಾನ್ಯ. ಇಂಜೆಕ್ಷನ್ ಡೋಸ್ ಜಾಸ್ತಿಯಾದರೆ ಖರ್ಚೂ ಏರುತ್ತದೆ. ಪ್ಯಾಕೇಜಿನಲ್ಲಿ ಇಂಜೆಕ್ಷನ್, ಅರಿವಳಿಕೆ, ಇಕ್ಸಿ, ಫ್ರೀಜಿಂಗ್, ಮುಂದಿನ ಟ್ರಾನ್ಸ್‌ಫರ್, ಇವು ಸೇರಿವೆಯೋ ಇಲ್ಲವೋ ಒಂದೊಂದಾಗಿ ಬರೆಸಿಕೊಳ್ಳಿ. ನಡುವೆ ಚಿಕಿತ್ಸೆ ನಿಲ್ಲಿಸಬೇಕಾಗಿ ಬಂದರೆ ಎಷ್ಟು ವಾಪಸ್ ಅಂತಲೂ ಕೇಳಿ. ಬಹುತೇಕ ಆರೋಗ್ಯ ವಿಮೆ ಇದಕ್ಕೆ ಕೊಡುವುದಿಲ್ಲ. ಕೆಲವು ಕಂಪನಿಗಳ ಗುಂಪು ವಿಮೆಯಲ್ಲಿ ಇದೆ, ಎಚ್‌ಆರ್ ಹತ್ತಿರ ವಿಚಾರಿಸಿ. ನೆರೆಯ ಗೋವಾದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ 2023ರಲ್ಲಿ ಉಚಿತ ಐವಿಎಫ್ ಶುರುವಾಯಿತು. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಅದು ಬರಬೇಕು. ಮಗು ಬೇಕೆಂದವರು ಹೊಲ ಅಡವಿಡುವುದು ನಿಲ್ಲಬೇಕು.

ಬೋರ್ಡಲ್ಲಿ 80 ಪರ್ಸೆಂಟ್ ಸಕ್ಸಸ್ ಅಂತ ಹಾಕಿದ್ದಾರೆ. ನಂಬಬಹುದಾ?

ಯಾವುದರ 80 ಅಂತ ಮೊದಲು ಕೇಳಿ. ಬೀಟಾ ಪಾಸಿಟಿವ್ ಬಂದದ್ದೂ ಸಕ್ಸಸ್, ಮಗು ಮನೆಗೆ ಬಂದದ್ದೂ ಸಕ್ಸಸ್. ಎರಡರ ನಡುವೆ ಗರ್ಭಪಾತದ ನಷ್ಟ ಇದೆ. ದಾನಿಯ ಅಂಡಾಣು ಬಳಸಿದವರನ್ನು ಸೇರಿಸಿದರೆ ಸಂಖ್ಯೆ ಇನ್ನೂ ಏರುತ್ತದೆ. ಬ್ರಿಟನ್ನಿನಲ್ಲಿ ಎಲ್ಲ ಸೆಂಟರ್‌ಗಳ ಲೆಕ್ಕವನ್ನು ಸರ್ಕಾರದ ನಿಯಂತ್ರಣ ಸಂಸ್ಥೆ ಪ್ರಕಟಿಸುತ್ತದೆ. ಅಲ್ಲಿ 35ರ ಒಳಗಿನವರಲ್ಲಿ ಸ್ವಂತ ಅಂಡಾಣುವಿನಿಂದ ಇಟ್ಟ ಪ್ರತಿ ಮೂರು ಭ್ರೂಣಕ್ಕೆ ಹೆಚ್ಚುಕಡಿಮೆ ಒಂದು ಮಗು. 43 ದಾಟಿದ ಮೇಲೆ ಇಪ್ಪತ್ತಕ್ಕೆ ಒಂದರ ಆಸುಪಾಸು. “ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡಾಣುವಿನಲ್ಲಿ, ಹೋದ ವರ್ಷ ಎಷ್ಟು ಜನಕ್ಕೆ ಹೆರಿಗೆ ಆಯಿತು?” ಇದು ನಿಮ್ಮ ಪ್ರಶ್ನೆ. ಗ್ಯಾರಂಟಿ ಅಂದವರ ಹತ್ತಿರ ಹೋಗಬೇಡಿ.

ಸೆಂಟರ್ ಸರಿ ಇದೆಯಾ ಅಂತ ಹೇಗೆ ತಿಳಿಯೋದು?

2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಸೆಂಟರ್ ಅದರಡಿ ನೋಂದಣಿ ಆಗಿರಬೇಕು. ಲೆವೆಲ್ 1 ಅಂದರೆ ಐಯುಐವರೆಗೆ ಮಾತ್ರ. ಐವಿಎಫ್ ಮಾಡಲು ಲೆವೆಲ್ 2 ಬೇಕು. ಪ್ರಮಾಣಪತ್ರ ಎಲ್ಲಿ ತೂಗುಹಾಕಿದ್ದಾರೆ ನೋಡಿ, ಕಾಣದಿದ್ದರೆ ಕೇಳಿ. ಇದೇ ಕಾಯ್ದೆಯಡಿ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ ಇದೆ.

ಎರಡು ಹೆಣ್ಣಿವೆ. ಈ ಸಲ ಗಂಡೇ ಇಡಿ ಅಂದ್ರೆ ಮಾಡ್ತಾರಾ?

ಇಲ್ಲ. ಅಪರಾಧ, ಜೈಲು ಶಿಕ್ಷೆ ಇದೆ. ಮಾಡಿಕೊಡುತ್ತೇವೆ ಅಂದವರ ಮೇಲೆ ದೂರು ಕೊಡಿ.

ದಾನಿಯ ಮೊಟ್ಟೆ ತಗೊಳ್ಳಿ ಅಂತಿದ್ದಾರೆ. ಮಗು ನಮ್ಮದು ಅನ್ನಿಸಿಕೊಳ್ಳುತ್ತಾ?

ಕಾನೂನಿನಲ್ಲಿ ಪೂರ್ತಿ ನಿಮ್ಮದೇ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ದಾನಿ 23ರಿಂದ 35 ವಯಸ್ಸಿನವರು ಆಗಿರಬೇಕು. ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಅವರಿಗೆ 12 ತಿಂಗಳ ವಿಮೆ ಮಾಡಿಸಬೇಕು.

ಮನಸ್ಸಿನ ಮಾತು ಬೇರೆ. ಈ ನಿರ್ಧಾರಕ್ಕೆ ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಒಂದು ವರ್ಷ ಬೇಕು. ಬಿಲ್ಲಿಂಗ್ ಕೌಂಟರ್ ಎದುರು ನಿಂತು ನಿರ್ಧರಿಸುವ ವಿಷಯ ಇದಲ್ಲ. ಹೆಂಡತಿಗೆ ಹೇಳದೆ ಗಂಡ ಒಪ್ಪಿಗೆ ಕೊಡುವುದು, ಗಂಡನಿಗೆ ಹೇಳದೆ ದಾನಿಯ ವೀರ್ಯ ಬಳಸುವುದು, ಎರಡೂ ಕಾನೂನುಬಾಹಿರ. ಇಬ್ಬರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳುವವರೆಗೆ ಸಹಿ ಹಾಕಬೇಡಿ.

## ಆಗದೇ ಹೋದಾಗ

ಎರಡು ಸಲ ಫೇಲ್ ಆಯ್ತು. ಈಗ ಗರ್ಭಕೋಶಕ್ಕೆ ಗೀರು ಹಾಕ್ತೀವಿ, ಜೀನ್ ಟೆಸ್ಟ್ ಮಾಡ್ತೀವಿ ಅಂತಾರೆ. ಮಾಡಿಸ್ಲಾ?

ಮೊದಲು ಆಗಿದ್ದನ್ನು ಓದಬೇಕು. ಭ್ರೂಣವೇ ಚೆನ್ನಾಗಿರಲಿಲ್ಲವೋ, ಚೆನ್ನಾಗಿದ್ದೂ ಅಂಟಲಿಲ್ಲವೋ, ಅಂಟಿ ಗರ್ಭಪಾತವಾಯಿತೋ? ಮೂರಕ್ಕೂ ಮುಂದಿನ ದಾರಿ ಬೇರೆ ಬೇರೆ.

ಭ್ರೂಣ ಚೆನ್ನಾಗಿದ್ದೂ ಅಂಟದಿದ್ದರೆ ಗರ್ಭಕೋಶದಲ್ಲಿ ಪಾಲಿಪ್, ಗಡ್ಡೆ, ಅಂಟಿಕೊಂಡ ಪೊರೆ ಇದೆಯಾ ಅಂತ ಹಿಸ್ಟರೊಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ) ನೋಡುವುದು ಉಪಯೋಗ. ಗರ್ಭನಾಳದಲ್ಲಿ ನೀರು ತುಂಬಿ ಊದಿದ್ದರೆ, ಟ್ರಾನ್ಸ್‌ಫರ್‌ಗೆ ಮುಂಚೆ ಅದನ್ನು ತೆಗೆಯುವುದರಿಂದ ಅಥವಾ ಕಟ್ಟುವುದರಿಂದ ಫಲ ಹೆಚ್ಚುತ್ತದೆ, ಇದಕ್ಕೆ ಗಟ್ಟಿ ಆಧಾರ ಇದೆ. ಥೈರಾಯ್ಡ್, ಸಕ್ಕರೆ ಹಿಡಿತದಲ್ಲಿರಬೇಕು. ಪದೇ ಪದೇ ಗರ್ಭಪಾತವಾದವರಲ್ಲಿ ಇಬ್ಬರ ಕ್ರೋಮೋಸೋಮ್ ಪರೀಕ್ಷೆ ಮಾಡಿಸಬಹುದು.

ಗರ್ಭಕೋಶದ ಒಳಪೊರೆಗೆ ಗೀರು ಹಾಕುವುದರಿಂದ ಲಾಭವಿಲ್ಲ ಅಂತ ದೊಡ್ಡ ಪರೀಕ್ಷೆಗಳಲ್ಲೇ ಕಂಡಿದೆ. ಭ್ರೂಣದ ಜೀನ್ ಪರೀಕ್ಷೆ ಕೆಲವು ಮನೆತನದ ಕಾಯಿಲೆಗಳಲ್ಲಿ ಬೇಕೇ ಬೇಕು. ಉಳಿದವರಲ್ಲಿ ಯಾವ ಭ್ರೂಣ ಮೊದಲು ಇಡಬೇಕು ಅಂತ ಆರಿಸಲು ನೆರವಾಗುತ್ತದೆ, ಇರುವ ಭ್ರೂಣವನ್ನು ಉತ್ತಮ ಮಾಡುವುದಿಲ್ಲ. ಹೆಚ್ಚುವರಿ ಪರೀಕ್ಷೆಗೆ ದುಡ್ಡು ಕೇಳಿದಾಗ “ಇದರಿಂದ ನನಗೆ ಎಷ್ಟು ಹೆಚ್ಚುತ್ತೆ?” ಅಂತ ಕೇಳುವುದು ನಿಮ್ಮ ಹಕ್ಕು.

ಎಷ್ಟು ಸಲ ಮಾಡಿಸಿ ಬಿಡಬೇಕು? ಬಿಟ್ರೆ ಸೋತ ಹಾಗಲ್ವಾ?

ಸೋತ ಹಾಗಲ್ಲ. ಒಳ್ಳೆಯ ಭ್ರೂಣ ಬರುತ್ತಿದ್ದರೆ ಮೂರು ಸುತ್ತಿನವರೆಗೆ ಒಟ್ಟು ಸಾಧ್ಯತೆ ಏರುತ್ತಾ ಹೋಗುತ್ತದೆ. ಭ್ರೂಣವೇ ಆಗುತ್ತಿಲ್ಲವಾದರೆ ಅದೇ ಕ್ರಮವನ್ನು ಮತ್ತೆ ಮತ್ತೆ ಮಾಡುವುದರಲ್ಲಿ ಅರ್ಥ ಕಡಿಮೆ. ಶುರು ಮಾಡುವ ಮೊದಲೇ ಗಂಡ ಹೆಂಡತಿ ಕೂತು ಎಷ್ಟು ದುಡ್ಡು, ಎಷ್ಟು ಸಲ ಅಂತ ಮಾತಾಡಿಕೊಳ್ಳಿ. ಮನೆಯ ಹಿರಿಯರ ಒತ್ತಾಯಕ್ಕೆ ಇನ್ನೊಂದು ಸಲ ಅಂತ ಬಂದವರ ಮುಖ ನೋಡಿದರೆ ಗೊತ್ತಾಗುತ್ತದೆ. ಅಂಥವರಿಗೆ ಆರು ತಿಂಗಳು ಸುಮ್ನೆ ಇದ್ದು ಬನ್ನಿ ಅನ್ನುತ್ತೇನೆ, ವಯಸ್ಸು ಬಿಟ್ಟುಕೊಟ್ಟರೆ. ಮಗುವನ್ನು ದತ್ತು ತೆಗೆದುಕೊಳ್ಳುವ ಮನಸ್ಸಿದ್ದರೆ ಕೇಂದ್ರದ ಕಾರಾ ಸಂಸ್ಥೆಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಸರದಿ ವರ್ಷಗಟ್ಟಲೆ ಇದೆ, ಹಾಗಾಗಿ ಅದನ್ನು ಕೊನೆಗೆ ಅಂತ ಇಟ್ಟುಕೊಳ್ಳಬೇಡಿ.

ಬೇರೆ ಸೆಂಟರ್‌ಗೆ ಹೋಗ್ಬೇಕು ಅಂತಿದೀವಿ. ನಮ್ಮ ಭ್ರೂಣ ತಗೊಂಡು ಹೋಗಬಹುದಾ? ಫೈಲ್ ಕೊಡಲ್ಲ ಅಂತಾರೆ.

ಸ್ವಂತ ಬಳಕೆಗೆ ಸ್ವಂತ ಭ್ರೂಣವನ್ನು ಸಾಗಿಸಬಹುದು, ಆದರೆ ಎಆರ್‌ಟಿ ಕಾಯ್ದೆಯಡಿಯ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಎರಡೂ ಸೆಂಟರ್‌ಗಳ ಮೂಲಕ ಅರ್ಜಿ ಹೋಗಲಿ. ದ್ರವ ಸಾರಜನಕದ ಪಾತ್ರೆಯಲ್ಲಿ, ಅನುಭವ ಇರುವವರ ಕೈಯಲ್ಲೇ ಸಾಗಬೇಕು. ನಿಮ್ಮ ಕಾರಿನ ಡಿಕ್ಕಿಯಲ್ಲಿ ಅಲ್ಲ.

ನಿಮ್ಮ ಚಿಕಿತ್ಸೆಯ ವಿವರ ಕೇಳುವುದು ನಿಮ್ಮ ಹಕ್ಕು. ಕೊಡಲ್ಲ ಅಂದರೆ ಲಿಖಿತವಾಗಿ ಕೇಳಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹೊಸ ಡಾಕ್ಟರಿಗೆ ಬೇಕಾದ್ದು ಇಷ್ಟು: ಯಾವ ಇಂಜೆಕ್ಷನ್, ಎಷ್ಟು ಡೋಸ್, ಎಷ್ಟು ದಿನ, ಟ್ರಿಗರ್ ಯಾವುದು, ಹಿಂದೆ ಹೇಳಿದ ಐದು ಸಂಖ್ಯೆ, ಭ್ರೂಣದ ಗ್ರೇಡ್, ಫೋಟೊ ಇದ್ದರೆ ಫೋಟೊ, ಟ್ರಾನ್ಸ್‌ಫರ್ ದಿನ ಗರ್ಭಕೋಶದ ಒಳಪೊರೆ ಎಷ್ಟು ಮಿಲಿಮೀಟರ್ ಇತ್ತು, ಭ್ರೂಣ ಇಡುವ ಟ್ಯೂಬ್ ಸಲೀಸಾಗಿ ಒಳಗೆ ಹೋಯಿತಾ ಇಲ್ಲವಾ, ಗಂಡನ ವೀರ್ಯದ ರಿಪೋರ್ಟ್. ಇಷ್ಟೂ ಎರಡು ಪುಟದಲ್ಲಿ ಬರುತ್ತದೆ. ಅದರ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.